ಪೆನ್ಸಿಲ್ ಸಿಕ್ತು, ಟೀಚರ್

ಮಸೀದಿ ಬಂದರಿನ ಸಗಟು ಅಂಗಡಿಯಲ್ಲಿ
ನೂರು ನಕ್ಷತ್ರದ ಹಾಳೆಗೆ ಹನ್ನೆರಡು ರೂಪಾಯಿ.
ಹತ್ತು ಹಾಳೆ ತಂದೆ, ನನ್ನದೇ ದುಡ್ಡು.
ಸಾಯನ್ ಕೋಳಿವಾಡ, ಮೂರನೇ ಮಾಳಿಗೆ,
ಕನ್ನಡ ಮಾಧ್ಯಮ, ನಾಲ್ಕನೇ ಇಯತ್ತೆ,
ಇಪ್ಪತ್ತಮೂರು ಮಕ್ಕಳು.
ನಮ್ಮ ಕೆಳಗೆ ಮರಾಠಿ, ಅದರ ಕೆಳಗೆ ತಮಿಳು,
ಎಲ್ಲರಿಗೂ ಒಂದೇ ಗಂಟೆ.

ಗೋಡೆಗೆ ತಕ್ತೆ ತೂಗುಹಾಕಿದೆ.
ಮಗ್ಗಿ ಒಪ್ಪಿಸಿದರೆ ಒಂದು,
ಉಗುರು ಕತ್ತರಿಸಿಕೊಂಡು ಬಂದರೆ ಒಂದು,
ಬಿದ್ದ ವಸ್ತು ತಂದುಕೊಟ್ಟರೆ ಎರಡು:
ಪ್ರಾಮಾಣಿಕತೆಗೆ ದರ ಸ್ವಲ್ಪ ಹೆಚ್ಚಿರಲಿ ಎಂದು.

ಮೊದಲ ವಾರ ನೋಡಬೇಕಿತ್ತು ನೀವು.
ಸುಣ್ಣ ಬಳಿದಂಥ ಉಗುರು,
ಎಡವದೆ ಓಡಿದ ಹನ್ನೆರಡರ ಮಗ್ಗಿ,
ಬೆನ್ನು ನೆಟ್ಟಗೆ ಮಾಡಿ ಕೂತ ಯಂಕೋಬ.
ಅವನು ಹಾಗೆ ಕೂತದ್ದನ್ನು
ಅವನ ಅವ್ವನೂ ಕಂಡಿರಲಿಕ್ಕಿಲ್ಲ.
ಹೆಡ್‌ಮಾಸ್ತರ್ ಬಂಗೇರರು ಬಾಗಿಲಲ್ಲೇ ನಿಂತು
"ಭಾರೀ ಎಡ್ಡೆ" ಎಂದರು.
ಆ ಸಂಜೆ ಲೋಕಲ್ಲಿನಲ್ಲಿ ಸೀಟು ಸಿಗಲಿಲ್ಲ,
ಕಾಲೂ ನೋಯಲಿಲ್ಲ.

ಎರಡನೇ ವಾರ ಪೆನ್ಸಿಲುಗಳು ಬೀಳತೊಡಗಿದವು.

ಬೆಂಚಿನಡಿ, ಮೆಟ್ಟಿಲ ಮೇಲೆ, ನಲ್ಲಿಯ ಹತ್ತಿರ,
ದಿನಕ್ಕೆ ಆರು, ಏಳು.
ಪೆನ್ಸಿಲ್ ಸಿಕ್ತು ಟೀಚರ್. ರಬ್ಬರ್ ಸಿಕ್ತು ಟೀಚರ್.
ಇಷ್ಟೊಂದು ಕಳೆದುಕೊಳ್ಳುವಷ್ಟು
ಈ ಮಕ್ಕಳ ಹತ್ತಿರ ಯಾವತ್ತು ಏನಿತ್ತು?
ಸಾಬಣ್ಣನ ಅಪ್ಪ ವಡಾಲದ ಟವರಿನಲ್ಲಿ ಸೆಂಟ್ರಿಂಗ್ ಕೆಲಸದವನು,
ಮನೆಗೆಲ್ಲ ಸೇರಿ ಒಂದೇ ಪೆನ್ಸಿಲು.
ಅದನ್ನೇ ಬ್ಲೇಡಿನಲ್ಲಿ ಮೂರು ತುಂಡು ಮಾಡಿದ್ದ.
ಸೋಮವಾರ ಅವನದು ಬೀಳುವುದು, ಯಂಕೋಬನಿಗೆ ಸಿಗುವುದು,
ಮಂಗಳವಾರ ಯಂಕೋಬನದು.
ಬುಧವಾರ ಸುಪ್ರೀತಾಳ ಹೊಸ ಕಂಪಾಸು,
ಅವಳಿಗೆ ಹೇಳದೆ.

ನನಗೆ ಗೊತ್ತಾಗಿತ್ತು.
ಗೊತ್ತಿದ್ದೂ ಹಚ್ಚಿದೆ.
ಗುರುವಾರ ಬೀಟ್ ಆಫೀಸರ್ ಬರುವವರಿದ್ದರು,
ತಕ್ತೆ ತುಂಬಿರಬೇಕಿತ್ತು.
ಅವರ ಮೊಬೈಲಿನ ಫೋಟೋದಲ್ಲಿ
ತಕ್ತೆಯ ಪಕ್ಕ ನಾನೂ ಇದ್ದೇನೆ,
ಬೆನ್ನು ನೆಟ್ಟಗೆ.

ದೇವಿಂದ್ರಿಯ ಮಾತು ಬೇರೆ.
ಮೊದಲೆಲ್ಲ ತನ್ನ ಲೆಕ್ಕ ಮುಗಿಸಿದ್ದೇ
ಪಕ್ಕದ ಲಕುಮಿಯ ಪಾಟಿಯತ್ತ ಬಾಗುತ್ತಿದ್ದಳು,
ಪಿಸುಪಿಸು ಪಿಸುಪಿಸು.
ಬಾಯಿ ಮುಚ್ಚು ಎಂದು ಎಷ್ಟು ಸಲ ಗದರಿದ್ದೆನೋ.
ಈಗ ಮೊಣಕೈ ಅಡ್ಡ ಇಟ್ಟು ಬರೆಯುತ್ತಾಳೆ.
ಲಕುಮಿ ಆಚೆ ಗೋಡೆ ನೋಡುತ್ತಾಳೆ.
ತರಗತಿ ಎಷ್ಟು ಶಾಂತವಾಗಿದೆ,
ಕೆಳಗಿನ ಮರಾಠಿ ಪಾಠ ಪೂರ್ತಿ ಕೇಳಿಸುವಷ್ಟು.

ಕಿಟಕಿಯಲ್ಲಿ ಪೇಂಟಿನ ಡಬ್ಬಿ,
ಅದರಲ್ಲಿ ಸಿಪಾಯಿ ಕೊರಗಪ್ಪ ನೆಟ್ಟ ಬಸಳೆ.
ಬಾಟಲಿಯಲ್ಲಿ ಮಿಕ್ಕ ಗುಟುಕು ಯಾರೋ ಸುರಿಯುತ್ತಿದ್ದರು,
ಯಾರೆಂದು ಯಾರೂ ಕೇಳಿರಲಿಲ್ಲ.
ನಾನು ಅದಕ್ಕೂ ಒಂದು ನಕ್ಷತ್ರ ಎಂದೆ.
ದಿನಕ್ಕೆ ಒಂಬತ್ತು ಬಾಟಲಿ ಬಿತ್ತು.
ಎಲೆ ಹಳದಿಯಾದಾಗ ಕೊರಗಪ್ಪ ಬೆರಳಿಂದ ಮಣ್ಣು ಕೆದಕಿ
ಬೇರಿನ ವಾಸನೆ ನೋಡಿ
ನನ್ನನ್ನೇನೂ ಕೇಳದೆ ಹೋದ.

ಜುಲೈ ಮಳೆಗೆ ಗೋಡೆ ಬೆವರಿತು, ಅಂಟು ಬಿಟ್ಟಿತು.
ಒಂದು ಬೆಳಗ್ಗೆ ನಕ್ಷತ್ರಗಳೆಲ್ಲ ನೆಲದಲ್ಲಿ;
ಮಕ್ಕಳು ಮೊಣಕಾಲೂರಿ ಬೆಂಚಿನಡಿ ತಡಕುತ್ತ,
ಇದು ನಂದು, ಅಲ್ಲ ನಂದು,
ಲಕುಮಿಯ ಹಿಮ್ಮಡಿಗೊಂದು ಅಂಟಿ
ಅವಳಿಗೇ ಗೊತ್ತಿಲ್ಲದೆ ಹೊಳೆಯುತ್ತ.

ತಕ್ತೆ ಇಳಿಸಿ ಸುತ್ತಿಟ್ಟೆ.
ಇನ್ನು ಮುಂದೆ ಹಾಗೇ ಓದೋಣ ಎಂದೆ.
"ಹಾಂಗೇ ಅಂದ್ರ ಹ್ಯಾಂಗ್ರೀ ಟೀಚರ್?"
ಸಾಬಣ್ಣ ಕೇಳಿದ. ಕೀಟಲೆಗಲ್ಲ,
ನಿಜಕ್ಕೂ ತಿಳಿಯದೆ.

ಗೋಡೆಯಲ್ಲೀಗ ಒಂದು ಚೌಕ,
ಸುತ್ತಲ ಬಣ್ಣಕ್ಕಿಂತ ತುಸು ಬಿಳಿ.
ಉತ್ತರ ಹೇಳುವ ಮೊದಲು ಎಲ್ಲರೂ ಒಮ್ಮೆ ಅತ್ತ ನೋಡುತ್ತಾರೆ.

ನಿನ್ನೆ ಮೂರನೇ ಪಿರಿಯಡ್ಡಿನಲ್ಲಿ
ದೇವಿಂದ್ರಿಯ ಮೊಣಕೈ ಒಂದಿಷ್ಟು ಸರಿದಂತಿತ್ತು,
ಪಿಸು ಎಂದಂತೆಯೂ.
ಶಹಬ್ಬಾಸ್ ಎನ್ನಲು ಬಾಯಿ ತೆರೆದವಳು
ಕೆಮ್ಮಿದೆ,
ಬೆನ್ನು ತಿರುಗಿಸಿ
ಒರೆಸಿದ್ದ ಹಲಗೆಯನ್ನೇ ಮತ್ತೆ ಒರೆಸತೊಡಗಿದೆ.